ಒಂದು ಹಪ್ಪಳ ಕರಿದ ಎಣ್ಣೆ

ನಿಟ್ಟೂರಿನಲ್ಲಿ ಅವರ ಮನೆತನದ ತೆಂಗಿನ ತೋಟದ ಅಂಚಿಗೆ ಅವರನ್ನು ಕೂರಿಸಿದರು. ನಮ್ಮಲ್ಲಿ ಹಾಗೇ, ಸತ್ತವರನ್ನು ಮಲಗಿಸುವುದಿಲ್ಲ. ಗುಂಡಿಯೊಳಗೆ ಗೂಡು ತೋಡಿ, ಚಕ್ಕಳಮಕ್ಕಳ ಹಾಕಿಸಿ, ಕೈಯಲ್ಲಿ ಲಿಂಗ ಇಟ್ಟು, ವಿಭೂತಿ, ಬಿಲ್ವಪತ್ರೆ ಸುರಿದು ಕೂರಿಸುತ್ತಾರೆ. ಸುತ್ತ ನಿಂತವರು ಅಳುತ್ತಿದ್ದರು. ನನಗೆ ಮಾತ್ರ ಕೆಟ್ಟ ಸಿಟ್ಟು ಬಂದಿತ್ತು. ಅಷ್ಟು ವರ್ಷ ಜೊತೆಯಲ್ಲಿ ಕೆಲಸ ಮಾಡಿದ ಮೇಲೆ, ಆ ಹೆಂಗಸು ಒಂದು ಕಡೆ ಸುಮ್ಮನೆ ಕೂತಿದ್ದನ್ನು ನಾನು ನೋಡುತ್ತಿದ್ದುದು ಅದೇ ಮೊದಲು. ‘ಏಳಿ ಮೇಡಂ, ಕೆಲಸ ಇನ್ನೂ ಬಾಕಿ ಇದೆ’ ಎಂದು ಕೂಗಿಬಿಡಬೇಕು ಅನ್ನಿಸಿತು. ಕೂಗಲಿಲ್ಲ. ಒಂದು ಹಿಡಿ ಮಣ್ಣು ಹಾಕಿ, ತೋಟದ ಬದುವಿನ ಮೇಲೆ ಅತ್ತಿಂದಿತ್ತ ಓಡಾಡತೊಡಗಿದೆ. ಆವತ್ತಿನಿಂದ ನನಗೂ ಕೂತಲ್ಲಿ ಕೂರಲಾಗುತ್ತಿಲ್ಲ.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಬೈಯುತ್ತಿದ್ದರು. ‘ನನ್ ಹೆಸರು ಕಟ್ಕಂಡು ಏನ್ ಮಾಡ್ತೀರ, ಎಣ್ಣೆ ವಿಷ್ಯ ಬರೀರಿ’ ಅನ್ನುತ್ತಿದ್ದರು. ತುಮಕೂರಿನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಅವರು ಕೆಮಿಸ್ಟ್ರಿ ಪಾಠ ಹೇಳುತ್ತಿದ್ದರು, ನಾನು ಮೆಕ್ಯಾನಿಕಲ್ ವಿಭಾಗದವನು. ನಮ್ಮಿಬ್ಬರ ಸ್ನೇಹಕ್ಕೆ ವಿದ್ಯೆ ಕಾರಣ ಅಲ್ಲ, ನನ್ನ ವ್ಯಾನು ಕಾರಣ. ನನ್ನೂರು ಕೋರ. ಅಲ್ಲಿಂದ ತೆಂಗಿನಕಾಯಿ ತರಲು ಅನುಕೂಲವೆಂದು ಹಳೆಯ ವ್ಯಾನೊಂದನ್ನು ಇಟ್ಟುಕೊಂಡಿದ್ದೆ. ಒಂದು ಮಧ್ಯಾಹ್ನ ಅವರು ನಮ್ಮ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, ಒಳಗೆ ಬರದೆ, ಕೇಳಿದರು.

‘ಆ ವ್ಯಾನ್ ನಿಮ್ದಾ ಸಾರ್?’

‘ಹೌದು ಮೇಡಂ.’

‘ಹಿಂದ್ಗಡೆ ಸೀಟ್ ತೆಗೆಸಿಬಿಡಿ. ಡಬ್ಬ ಇಡಕ್ಕೆ ಜಾಗ ಸಾಲಲ್ಲ.’

ಯಾವ ಡಬ್ಬ, ಯಾಕೆ ಇಡಬೇಕು, ನಾನು ಒಪ್ಪಿದ್ದು ಯಾವಾಗ ಎಂದು ಕೇಳುವಷ್ಟರಲ್ಲಿ ಅವರು ಕಾರಿಡಾರಿನ ಆ ತುದಿಗೆ ಹೋಗಿಯಾಗಿತ್ತು. ಸೀಟು ತೆಗೆಸಿದೆ. ನನ್ನ ಹೆಂಡತಿ ಆ ಸೀಟು ಮನೆಯ ವರಾಂಡದಲ್ಲಿ ಧೂಳು ತಿನ್ನುವುದನ್ನು ನೋಡಿದಾಗಲೆಲ್ಲ ಅವರನ್ನು ನೆನೆಯುತ್ತಿದ್ದಳು, ಒಳ್ಳೆಯ ಮಾತಿನಲ್ಲಲ್ಲ.

ಆಳು ಎತ್ತರ, ಒಣಕಲು ಮೈ, ಹಣೆ ತುಂಬ ವಿಭೂತಿ, ಕಾಟನ್ ಸೀರೆಯ ಕೆಳಗೆ ಓಟಗಾರರ ಬೂಟು. ಸ್ಟಾಫ್ ರೂಮಿನಲ್ಲಿ ಅವರ ಕುರ್ಚಿ ಇತ್ತು, ಅದರ ಮೇಲೆ ಯಾವಾಗಲೂ ಅವರ ಚೀಲ ಕೂತಿರುತ್ತಿತ್ತು. ಉಪ್ಪಿಟ್ಟಿನ ಡಬ್ಬಿ ಕೈಯಲ್ಲಿ ಹಿಡಿದು ಕಿಟಕಿಯ ಬಳಿ ನಿಂತೇ ತಿನ್ನುತ್ತಿದ್ದರು, ಅದೂ ಅರ್ಧ. ಮಿಕ್ಕಿದ್ದನ್ನು ಯಾರ ಮುಂದಾದರೂ ಇಟ್ಟು ಹೊರಟುಬಿಡುತ್ತಿದ್ದರು. ಫೋನಿನಲ್ಲಿ ಹಲೋ ಎನ್ನುವ ಪದ್ಧತಿ ಇರಲಿಲ್ಲ. ‘ಎಲ್ಲಿದೀರ?’ ಎಂದೇ ಶುರು. ಮಾತು ಮುಗಿದ ಮೇಲೆ ಇಡುತ್ತೇನೆ ಎಂದು ಹೇಳುವುದೂ ಇಲ್ಲ. ನಾನು ಎಷ್ಟೋ ಸಲ ಸತ್ತ ಫೋನಿಗೆ ಉತ್ತರ ಕೊಟ್ಟಿದ್ದೇನೆ. ‘ಆಮೇಲೆ ಮಾಡೋಣ’ ಎಂದವರನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿ. ‘ಆಮೇಲೆ ಅನ್ನೋದು ಒಂದು ಕಾಯಿಲೆ ಸಾರ್, ಅದಕ್ಕೆ ಮಾತ್ರೆ ಇಲ್ಲ’ ಅನ್ನುತ್ತಿದ್ದರು. ಪ್ರಿನ್ಸಿಪಾಲರ ಮೀಟಿಂಗಿನಲ್ಲೂ ಗೋಡೆಗೆ ಒರಗಿ ನಿಂತಿರುತ್ತಿದ್ದರು. ಪ್ರಿನ್ಸಿಪಾಲರು ಪಾಪ, ಕುತ್ತಿಗೆ ತಿರುಗಿಸಿ ತಿರುಗಿಸಿ ಮಾತಾಡಬೇಕಾಗಿತ್ತು.

ಅವರ ತಲೆಯಲ್ಲಿ ಇದ್ದದ್ದು ಒಂದೇ. ವಿಮಾನಕ್ಕೆ ಹಾಕುವ ಇಂಧನವನ್ನು ನೆಲದಿಂದ ತೋಡಿದ ಎಣ್ಣೆಯಿಂದಲ್ಲದೆ ಬೇರೆ ಯಾವುದರಿಂದಾದರೂ ಮಾಡಬೇಕು, ಅದೂ ನಮ್ಮ ಕಡೆ ಸಿಗುವಂಥದ್ದರಿಂದಲೇ ಆಗಬೇಕು. ಕಾರು ಬ್ಯಾಟರಿಯಲ್ಲಿ ಓಡೀತು, ಬಸ್ಸೂ ಓಡೀತು, ಅಷ್ಟು ಜನರನ್ನು ಹೊತ್ತು ಸಮುದ್ರ ದಾಟುವ ವಿಮಾನಕ್ಕೆ ಬ್ಯಾಟರಿ ಕಟ್ಟಿದರೆ ಬ್ಯಾಟರಿಯ ಭಾರಕ್ಕೇ ಅದು ಏಳುವುದಿಲ್ಲ ಎನ್ನುವುದು ಅವರ ವಾದ. ಇದನ್ನು ಅವರು ವಿದ್ಯಾರ್ಥಿಗಳಿಗೆ, ಬಸ್ ಕಂಡಕ್ಟರಿಗೆ, ಮದುವೆ ಮನೆಯಲ್ಲಿ ಪಕ್ಕದ ಎಲೆಯವರಿಗೆ, ಯಾರು ಸಿಕ್ಕರೆ ಅವರಿಗೆ ಹೇಳುತ್ತಿದ್ದರು.

ಮೊದಲು ಹೊಂಗೆ ಎಣ್ಣೆ ಹಿಡಿದರು. ಗುಬ್ಬಿಯಿಂದ ನಿಟ್ಟೂರಿನವರೆಗೆ ಹೊಂಗೆ ಮರಕ್ಕೆ ಬರವೇ ಇಲ್ಲ. ಒಂದು ಡಿಸೆಂಬರ್ ಬೆಳಿಗ್ಗೆ ಲ್ಯಾಬಿನ ಕಿಟಕಿಯಲ್ಲಿಟ್ಟ ಹೊಂಗೆಯ ಬಾಟಲಿ ಮೊಸರಿನ ಹಾಗೆ ಮಂದವಾಗಿತ್ತು. ಅದನ್ನು ನನ್ನ ಮೂಗಿನ ಮುಂದೆ ಅಲ್ಲಾಡಿಸಿದರು. ‘ತುಮಕೂರ ಚಳಿಗೇ ಹಿಂಗಾದ್ರೆ ಮೇಲೆ ಹೋದ್ಮೇಲೆ ಏನ್ ಗತಿ? ಅಲ್ಲಿ ಮೈನಸ್ ನಲವತ್ತಕ್ಕೂ ಕೆಳಗೆ ಹೋಗ್ತದೆ. ಎಣ್ಣೆ ಗಟ್ಟಿಯಾದ್ರೆ ಜನ ಎಲ್ಲಿ ಇಳೀತಾರೆ?’ ಎಂದರು. ತಪ್ಪು ನನ್ನದೇ ಅನ್ನುವ ಹಾಗೆ ದಬಾಯಿಸಿದರು.

ನನಗೆ ಕೆಮಿಸ್ಟ್ರಿ ತಲೆಗೆ ಹತ್ತುವುದಿಲ್ಲ ಎಂದು ಗೊತ್ತಾದ ಮೇಲೆ ಅವರು ಕಾಲೇಜಿನ ಹಿತ್ತಲಿನಿಂದ ತೆಂಗಿನ ಕಡ್ಡಿಯ ಪೊರಕೆ ತರಿಸಿದರು. ಪೊರಕೆ ಬಿಚ್ಚಿ ಕಡ್ಡಿಗಳನ್ನು ಹಿಡಿದು ತೋರಿಸಿದರು. ‘ನೋಡಿ, ನೆಟ್ಟಗಿರೋ ಕಡ್ಡಿ ಒಂದಕ್ಕೊಂದು ಅಂಟ್ಕಂಡು ಕಂತೆ ಆಯ್ತವೆ. ಎಣ್ಣೆ ಗಟ್ಟಿಯಾಗೋದು ಅಂದ್ರೆ ಅದೇ.’ ಆಮೇಲೆ ಕಡ್ಡಿಗಳನ್ನು ಅಲ್ಲಲ್ಲಿ ಲಟಕ್ಕನೆ ಬಗ್ಗಿಸಿ ಮೇಜಿನ ಮೇಲೆ ಎಸೆದರು. ‘ಈಗ ಕಟ್ಟಿ ನೋಡಾಣ ಕಂತೆ. ಆಗಲ್ಲ. ನಾವು ಮಾಡಬೇಕಾಗಿರೋದೂ ಇಷ್ಟೇ. ಬಿಸಿ ಕೊಟ್ಟು, ಒತ್ತಡ ಕೊಟ್ಟು, ಹೈಡ್ರೋಜನ್ ಬಿಟ್ಟು, ಎಣ್ಣೆ ಒಳಗಿರೋ ಕಡ್ಡೀನ ಮುರಿಯೋದು, ಬಗ್ಗಿಸೋದು.’ ಇಷ್ಟನ್ನು ಲ್ಯಾಬಿನಲ್ಲಿ ಅಂಗೈಯಷ್ಟು ಇಂಧನಕ್ಕೆ ಮಾಡಿ ತೋರಿಸಲು ಅವರಿಗೆ ವರ್ಷಗಳೇ ಹಿಡಿದವು. ನಮ್ಮ ಕಾಲೇಜಿನಲ್ಲಿ ಅಂಥ ಚಳಿ ಹುಟ್ಟಿಸುವ ಯಂತ್ರ ಇರಲಿಲ್ಲ. ಐಸ್‌ಕ್ರೀಮ್ ಏಜೆನ್ಸಿಯವರ ಹತ್ತಿರ ಡ್ರೈ ಐಸ್ ಬೇಡಿ ತರುತ್ತಿದ್ದೆವು. ನನ್ನ ವ್ಯಾನಿನಲ್ಲೇ. ಕೊನೆಗೂ ಒಂದು ದಿನ ಆ ಚಳಿಯಲ್ಲಿ ಬಾಟಲಿ ಬಗ್ಗಿಸಿದರೆ ಇಂಧನ ನೀರಿನಂತೆ ಹರಿಯಿತು. ಅವರು ಕುಣಿಯಲಿಲ್ಲ. ‘ಸರಿ, ಇನ್ನು ಎಣ್ಣೆ ಎಲ್ಲಿಂದ?’ ಎಂದರು.

ಹೊಂಗೆ ಬೀಜ ಆಯಲು ಜನ ಸಿಗುತ್ತಿರಲಿಲ್ಲ. ಹೊಸದಾಗಿ ಎಣ್ಣೆಕಾಳು ಬೆಳೆಸುವ ಮಾತೆತ್ತಿದರೆ ಅವರಿಗೆ ಆಗುತ್ತಿರಲಿಲ್ಲ. ‘ರಾಗಿ ಬೆಳೆಯೋ ನೆಲದಲ್ಲಿ ವಿಮಾನಕ್ಕೆ ಊಟ ಬೆಳೀಬೇಕಾ?’ ಕೊನೆಗೆ ಉಳಿದದ್ದು ಕರಿದು ಕರಿದು ಕೆಟ್ಟ ಎಣ್ಣೆ. ಅದನ್ನು ಯಾರೂ ತಿನ್ನಬಾರದು, ಚರಂಡಿಗೂ ಸುರಿಯಬಾರದು. ಅದನ್ನೇ ವಿಮಾನಕ್ಕೆ ಕೊಡೋಣ ಎಂದು ಹೊರಟರು. ಬೆಂಗಳೂರಿನ ಒಂದು ಕಂಪನಿಯೂ ಅದೇ ಕೆಲಸಕ್ಕೆ ಅಂಥ ಎಣ್ಣೆ ಹುಡುಕುತ್ತಿತ್ತು. ಇಲ್ಲಿ ಒಟ್ಟು ಮಾಡಿ, ಸೋಸಿ, ನೀರು ತೆಗೆದು, ಪರೀಕ್ಷೆ ಮಾಡಿ ಕಳಿಸಿದರೆ ಅವರು ಇಂಧನ ಮಾಡುವ ದೊಡ್ಡ ಸ್ಥಾವರಕ್ಕೆ ಒಯ್ಯುತ್ತಾರೆ. ಷರತ್ತು ಒಂದೇ, ಎಣ್ಣೆ ನಿಜವಾಗಿಯೂ ಬಳಸಿ ಬಿಟ್ಟದ್ದಾಗಿರಬೇಕು.

ತುಮಕೂರಿನ ಹೋಟೆಲುಗಳ ಎಣ್ಣೆ ಆಗಲೇ ಸೋಪು ಮಾಡುವವರ ಪಾಲಾಗುತ್ತಿತ್ತು. ರಸ್ತೆ ಬದಿಯ ಗಾಡಿಗಳದು ಬೇರೆಯೇ ಕಥೆ. ಬಸ್ ಸ್ಟ್ಯಾಂಡಿನ ಹತ್ತಿರ ಒಬ್ಬ ಬಜ್ಜಿಯವನಿದ್ದ. ಅವನ ಬಾಣಲೆಯ ಎಣ್ಣೆ ಟಾರಿನ ಬಣ್ಣಕ್ಕೆ ತಿರುಗಿತ್ತು. ಇವರು ಅವನ ಮೆಣಸಿನಕಾಯಿ ಬಜ್ಜಿಯನ್ನೇ ಕಚ್ಚುತ್ತಾ, ‘ಇದನ್ನ ನಂಗೆ ಕೊಟ್ಬುಡಪ್ಪ’ ಎಂದರು. ಅವನು ತನ್ನ ಮಗುವನ್ನೇ ಕೇಳಿದಂತೆ ಬೆಚ್ಚಿಬಿದ್ದ. ‘ಅಯ್ಯೋ ಮೇಡಂ, ಇದಿನ್ನೂ ಎಳೇದು!’ ಎಂದ. ಇವರು ಅಷ್ಟು ಜನರ ಮುಂದೆ ನಕ್ಕದ್ದನ್ನು ನಾನು ಮರೆತಿಲ್ಲ. ಬಜ್ಜಿಯನ್ನು ಪೂರ್ತಿ ತಿಂದರು ಅನ್ನುವುದನ್ನೂ ಮರೆತಿಲ್ಲ.

ಒಮ್ಮೆ ದೆಹಲಿಯ ಒಂದು ಸಮ್ಮೇಳನಕ್ಕೆಂದು ಇಬ್ಬರೂ ವಿಮಾನದಲ್ಲಿ ಹೋದೆವು. ಬೆಲ್ಟು ಬಿಚ್ಚಬಹುದು ಎಂದ ಕೂಡಲೇ ಎದ್ದವರು ದಾರಿಯುದ್ದಕ್ಕೂ ಓಡಾಡಿದರು. ಗಗನಸಖಿ ಬಂದು ‘ಏನಾದರೂ ಬೇಕೇ ಮೇಡಂ?’ ಎಂದರೆ, ಹೊರಗಿನ ಚಳಿ ಎಷ್ಟು ಎಂದು ಕೇಳಿದರು. ಆ ಹುಡುಗಿ ಕಂಬಳಿ ತಂದುಕೊಟ್ಟಳು. ‘ನಂಗಲ್ಲಮ್ಮ ಚಳಿ, ರೆಕ್ಕೆ ಒಳಗಿರೋ ಎಣ್ಣೆಗೆ’ ಎಂದು ಇವರು ಕಂಬಳಿಯನ್ನು ನನ್ನ ಮೇಲೆ ಹೊದಿಸಿ ಮುಂದೆ ನಡೆದರು.

ಇನ್ನು ನಿಟ್ಟೂರಿನ ವಿಷಯ. ಅದನ್ನು ಹೇಳದೆ ಇವರನ್ನು ಹೇಳಿದ ಹಾಗಾಗುವುದಿಲ್ಲ.

ಕಂಪನಿಯವರು ಮೊದಲ ಪ್ರಯೋಗವಾಗಿ ಒಂದು ಹಳ್ಳಿಯಲ್ಲಿ ಮನೆಮನೆಯಿಂದ ಎಣ್ಣೆ ಒಟ್ಟು ಮಾಡಿ ತೋರಿಸಿ ಎಂದರು. ಅದು ಗೆದ್ದರೆ ಗುಬ್ಬಿಯ ಹತ್ತಿರ ಒಂದು ಶೆಡ್ಡು, ಸೋಸುವ ಯಂತ್ರ, ಹತ್ತಾರು ಜನಕ್ಕೆ ಕೆಲಸ. ಇವರು ಹಿಂದುಮುಂದು ಯೋಚಿಸದೆ ತಮ್ಮೂರಿನ ಹೆಸರು ಹೇಳಿದರು. ‘ನಮ್ಮೂರ ಎಣ್ಣೆ ಒಂದ್ ಸಲ ಮೇಲಕ್ಕೆ ಹೋಗ್ಬೇಕು ಸಾರ್. ಅಷ್ಟಾದ್ರೆ ನಾನು ಸುಮ್ನಾಗ್ತೀನಿ’ ಎಂದರು. ಅವರು ಸುಮ್ಮನಾಗುವವರಲ್ಲ ಎಂದು ನನಗೆ ಗೊತ್ತಿತ್ತು, ಆದರೆ ಆ ಮಾತು ಹೇಳುವಾಗ ದನಿ ಬೇರೆಯಾಗಿತ್ತು. ಬದುಕಿನಲ್ಲಿ ಅವರು ತಮಗೆಂದು ಕೇಳಿಕೊಂಡದ್ದು ಅದೊಂದನ್ನೇ.

ಶನಿವಾರ ಶನಿವಾರ ನಿಟ್ಟೂರಿಗೆ ಹೋಗುತ್ತಿದ್ದೆವು. ಇವರು ಡಬ್ಬ ಹಿಡಿದು ಬಾಗಿಲಿಂದ ಬಾಗಿಲಿಗೆ, ನಾನು ವ್ಯಾನು ತಳ್ಳಿಕೊಂಡ ಹಾಗೆ ನಿಧಾನಕ್ಕೆ ಹಿಂದೆ. ಇವರದು ಅಯ್ಯನೋರ ಮನೆತನ. ಇವರ ತಾತ ಜೋಳಿಗೆ ಹಾಕಿಕೊಂಡು ಅದೇ ಬಾಗಿಲುಗಳಿಗೆ ಭಿಕ್ಷಕ್ಕೆ ಹೋಗುತ್ತಿದ್ದವರು. ಹೆಂಗಸರು ಹೊಸಿಲ ಹೊರಗೆ ಬಂದು, ಇವರ ಕಾಲಿಗೆ ನಮಸ್ಕಾರ ಮಾಡಿ, ಡಬ್ಬಕ್ಕೆ ಎಣ್ಣೆ ಸುರಿಯುತ್ತಿದ್ದರು. ಒಂದು ಬಾಗಿಲೂ ಇಲ್ಲ ಅನ್ನಲಿಲ್ಲ. ಇವರಿಗೆ ಖುಷಿಯೋ ಖುಷಿ. ಕಂಪನಿಯ ಹುಡುಗ, ಒಳ್ಳೆಯ ಮನಸ್ಸಿನ ಅಧಿಕಾರಿ, ಬಂದು ನೋಡಿ ಫೋಟೋ ಹಿಡಿದುಕೊಂಡು ಹೋದ. ಒಪ್ಪಂದಕ್ಕೆ ಸಹಿಯೊಂದೇ ಬಾಕಿ ಎಂದು ಹೇಳಿಯೂ ಹೋದ.

ಎಣ್ಣೆ ಲ್ಯಾಬಿಗೆ ಬಂತು. ಪರೀಕ್ಷೆಯಲ್ಲಿ ಚೆನ್ನಾಗಿ ಪಾಸಾಯಿತು. ಅತಿ ಚೆನ್ನಾಗಿ ಪಾಸಾಯಿತು. ನಾನು ಲಡ್ಡು ತರಲು ಹೊರಟಿದ್ದೆ. ಇವರು ಲೋಟವನ್ನು ಬೆಳಕಿಗೆ ಹಿಡಿದರು, ಮೂಸಿದರು, ಬೆರಳಿಗೆ ಹಚ್ಚಿ ಉಜ್ಜಿದರು. ‘ಸಾರ್, ಈ ಎಣ್ಣೆ ಬಾಣಲೆ ಮುಖಾನೇ ನೋಡಿಲ್ಲ. ವ್ಯಾನ್ ತೆಗೀರಿ’ ಎಂದರು.

ನಿಟ್ಟೂರಿನಲ್ಲಿ ಅವರ ಮನೆಯ ಎದುರಿಗೆ ಸಿದ್ದಲಿಂಗಮ್ಮ ಎಂಬ ಅಜ್ಜಿ ಇದ್ದರು. ಇವರನ್ನು ಮಗುವಾಗಿದ್ದಾಗ ಎತ್ತಿ ಆಡಿಸಿದವರು. ಹೆಂಗಸರ ಸಂಘಕ್ಕೆ ಅವರೇ ಹಿರಿಯರು. ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದರು.

‘ಅಜ್ಜಿ, ದಿಟ ಹೇಳು. ನಂಗೆ ಕೊಟ್ಟ ಎಣ್ಣೇಲಿ ಏನ್ ಕರಿದಿದ್ರಿ?’

‘ಹಪ್ಪಳ ಕಣವ್ವ.’

‘ಎಷ್ಟು ಹಪ್ಪಳ?’

ಅಜ್ಜಿ ಸೆರಗಿನಿಂದ ಬಾಯಿ ಒರೆಸಿಕೊಂಡರು. ‘ಒಂದು.’

‘ಒಂದಾ?’

‘ನೀನು ಕರಿದಿದ್ದೇ ಆಗ್ಬೇಕು ಅಂದಲ್ಲವ್ವ. ಅದಕ್ಕೇ ಪಾಕೀಟು ಒಡೆದು, ಬಾಣ್ಲೆಗೆ ಹಾಕಿ, ಒಂದು ಹಪ್ಪಳ ಕರಿದು ಕೊಡ್ತಿದ್ವಿ. ಎಲ್ಲಾರ ಮನೇಲೂ ಹಂಗೇ.’

ನನಗೆ ನಗು ಬಂತು. ಇವರಿಗೂ ಬಂತು. ಕಂಬ ಹಿಡಿದುಕೊಂಡು ನಕ್ಕರು. ನಗು ನಿಲ್ಲುವ ಹೊತ್ತಿಗೆ ಮುಖದಲ್ಲಿ ಬಣ್ಣ ಇರಲಿಲ್ಲ.

‘ಯಾಕಜ್ಜಿ ಹಂಗ್ ಮಾಡಿದ್ರಿ?’

‘ಇನ್ನೇನ್ ಮಾಡಾನ? ನಮ್ ಮನೇಲಿ ಕರಿದೆಣ್ಣೆ ಎಲ್ ಉಳೀತದೆ? ಮಾರ್ನೆ ದಿನ ಒಗ್ಗರಣೆಗೆ ಸರೋಯ್ತದೆ. ಅಯ್ಯನೋರ ಮನೆ ಮಗಳು ಡಬ್ಬ ಹಿಡ್ಕಂಡು ಬಾಗ್ಲಿಗೆ ಬಂದು ನಿಂತವ್ಳೆ. ಇಲ್ಲ, ಮುಂದಕ್ಕೋಗು ಅನ್ನಾಕಾಯ್ತದಾ? ನಿಮ್ ತಾತನ್ನ ನಮ್ಮತ್ತೆ ಒಂದಿನಾನೂ ಬರಿಗೈಲಿ ಕಳಿಸ್ಲಿಲ್ಲ.’

ವಾಪಸು ಬರುವಾಗ ಗುಬ್ಬಿಯ ರೈಲ್ವೆ ಗೇಟು ಹಾಕಿತ್ತು. ನಾನು ಎಂಜಿನ್ ಆರಿಸಿ, ಲೋಕಜ್ಞಾನದ ಮಾತು ಹೇಳಿದೆ. ಇದು ಯಾರಿಗೂ ಗೊತ್ತಾಗುವುದಿಲ್ಲ. ಲ್ಯಾಬಿನ ಫಲಿತಾಂಶ ಪಾಸು ಅಂತಲೇ ಇದೆ. ಮುಂದಿನ ಸಲದಿಂದ ಸರಿಮಾಡಿಕೊಂಡರಾಯಿತು, ಒಪ್ಪಂದ ಮುಗಿಯಲಿ. ಅವರು ವ್ಯಾನಿನಿಂದ ಇಳಿದು ಗೇಟಿನ ಮುಂದೆ ಅಡ್ಡಾಡಿ ಬಂದು, ಕಿಟಕಿಯಲ್ಲಿ ತಲೆಯಿಟ್ಟರು.

‘ಜನ ತಿನ್ನೋ ಎಣ್ಣೇನ ವಿಮಾನಕ್ಕೆ ಕುಡಿಸ್ಬಾರ್ದು ಅಂತ ತಾನೆ ಸಾರ್ ನಾನು ಇಷ್ಟ್ ವರ್ಷ ಬಾಯ್ ಬಡ್ಕಂಡಿದ್ದು? ಈಗ ನಮ್ಮೂರ ಹೆಂಗಸ್ರ ಒಗ್ಗರಣೆ ಎಣ್ಣೇನೇ ಕಿತ್ಕಂಡು ಕುಡಿಸಿಬುಟ್ಟೆ ಅಂತಾಗ್ಲಿಲ್ವಾ?’

ನಾನು ಹೇಳಿದ್ದು ಪೂರ್ತಿ ತಪ್ಪು ಎಂದು ನನಗೆ ಈಗಲೂ ಅನ್ನಿಸುವುದಿಲ್ಲ. ಆದರೆ ಅವರೊಂದಿಗೆ ವಾದ ಮಾಡುವುದಕ್ಕಿಂತ ಗೇಟು ತೆಗೆಯುವುದನ್ನು ಕಾಯುವುದು ಸುಲಭವಿತ್ತು.

ಮಾರನೆಯ ದಿನವೇ ಕಂಪನಿಗೆ ಹೇಳಿದರು. ಆ ಹುಡುಗ, ‘ಸ್ವಲ್ಪ ತಾನೇ ಮೇಡಂ, ಅಡ್ಜಸ್ಟ್ ಮಾಡೋಣ’ ಎಂದ. ಇವರು ಅಡ್ಜಸ್ಟ್ ಆಗಲಿಲ್ಲ. ನಿಟ್ಟೂರಿನ ಅಷ್ಟೂ ಎಣ್ಣೆಯನ್ನು ಪಕ್ಕಕ್ಕಿಡಿಸಿದರು. ಎಣ್ಣೆ ಕೊಡುವವರೇ ತಮ್ಮ ಎಣ್ಣೆಯ ಮೇಲೆ ಅನುಮಾನ ಪಟ್ಟರೆ ಕಂಪನಿಯ ದೊಡ್ಡವರು ಏನು ಮಾಡುತ್ತಾರೆ? ಒಪ್ಪಂದ ಬಿದ್ದುಹೋಯಿತು. ಗುಬ್ಬಿಯ ಶೆಡ್ಡು ಗಾಳಿಗೆ ಹೋಯಿತು. ಅದನ್ನಾದರೂ ಇವರು ತಡೆದುಕೊಂಡರು. ತಡೆಯಲಾಗದ್ದು ಇನ್ನೊಂದು. ಕಂಪನಿಯಿಂದ ಯಾರೋ ಸಂಘಕ್ಕೆ ಫೋನು ಮಾಡಿ, ನಿಮ್ಮೂರ ಎಣ್ಣೆ ಕಲಬೆರಕೆ ಎಂದು ನಿಮ್ಮ ಮೇಡಮ್ಮೇ ಬರೆದುಕೊಟ್ಟಿದ್ದಾರೆ ಅಂದುಬಿಟ್ಟರು.

ಕಲಬೆರಕೆ ಎಂಬ ಮಾತು ಡೈರಿಗೆ ಹಾಲು ಹಾಕುವ ಮನೆಗಳ ಹೆಂಗಸರಿಗೆ ಎಂಥದ್ದೆಂದು ಬಿಡಿಸಿ ಹೇಳಬೇಕಿಲ್ಲ. ಆ ಶನಿವಾರ ಹೋದಾಗ ಯಾರೂ ಜಗಳವಾಡಲಿಲ್ಲ. ಚಾಪೆ ಹಾಕಿದರು, ಕಾಫಿ ತಂದರು, ಮಳೆ ಬೆಳೆ ಕೇಳಿದರು. ಇವರು ಮಾತು ತೆಗೆದಾಗಲೆಲ್ಲ ಸಿದ್ದಲಿಂಗಮ್ಮ, ‘ಕೂತ್ಕಳವ್ವ ಮೊದ್ಲು’ ಅನ್ನುತ್ತಿದ್ದರು. ಇವರು ಕೂರಲಿಲ್ಲ. ನಿಂತೇ, ಆ ಕಂಬದಿಂದ ಈ ಕಂಬಕ್ಕೆ ನಡೆಯುತ್ತ, ನಿಮ್ಮ ತಪ್ಪಲ್ಲ, ನಂದೇ ತಪ್ಪು, ನಾನು ಸರಿಯಾಗಿ ಬಿಡಿಸಿ ಹೇಳಬೇಕಿತ್ತು ಎಂದು ಹೇಳಿದರು. ಕಾಫಿ ಕೈಯಲ್ಲೇ ಆರಿತು. ನಮ್ಮ ಕಡೆ ಹಾಕಿದ ಚಾಪೆಯ ಮೇಲೆ ಕೂರದೆ ಹೇಳಿದ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ನನಗೆ ಅದು ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಆದರೆ ಆ ಕಾಲುಗಳು ಮಡಿಸುವ ಜಾತಿಯವಲ್ಲ. ಕೊನೆಗೆ ಸಿದ್ದಲಿಂಗಮ್ಮ ಎದ್ದು ಒಳಗೆ ಹೋಗುತ್ತ, ‘ಬಾಗ್ಲಿಗೆ ಬಂದೋಳು ಬರಿಗೈಲಿ ಹೋಗ್ಬಾರ್ದು ಅಂತ ಕೊಟ್ವಿ ಕಣವ್ವ. ಅದಕ್ಕೊಂದ್ ಹೆಸ್ರಿಟ್ಟೆ’ ಎಂದರು. ಆಮೇಲೆ ನಿಟ್ಟೂರಿನಿಂದ ಎಣ್ಣೆ ಬರಲಿಲ್ಲ.

ಕಾಲೇಜಿನಿಂದ ನಿವೃತ್ತರಾದರು. ಶಾಲು, ಹಾರ, ಭಾಷಣ. ತಮ್ಮ ಭಾಷಣದ ಸರದಿ ಬರುವಷ್ಟರಲ್ಲಿ ಎದ್ದು ಹೊರಗೆ ಹೋಗಿ ಯಾರಿಗೋ ಫೋನು ಮಾಡುತ್ತಿದ್ದರು. ಮರಳೂರಿನಲ್ಲಿ ತಮ್ಮನ ಮನೆಯ ಮೇಲಿನ ಒಂದು ಕೋಣೆಯಲ್ಲಿದ್ದರು. ಇನ್ನಾದರೂ ನನ್ನ ವ್ಯಾನಿಗೆ ಸೀಟು ಹಾಕಿಸಬಹುದೆಂದು ನನ್ನ ಹೆಂಡತಿ ಲೆಕ್ಕ ಹಾಕಿದ್ದಳು.

ಒಂದು ಬೆಳಿಗ್ಗೆ ಫೋನು. ‘ಎಲ್ಲಿದೀರ? ಗುಜರಿಯೋರಿಗೆ ಯಾರಾದ್ರೂ ಹೊಸ ಪಾತ್ರೆ ಕೊಡ್ತಾರಾ ಸಾರ್?’

‘ಇಲ್ಲ ಮೇಡಂ.’

‘ಮತ್ತೆ!’ ಫೋನು ಸತ್ತಿತು.

ಹಾಗೆ ಕುಣಿಗಲ್ಲಿನ ಬಾಷಾ ಬಂದರು. ಹಳೇ ಪೇಪರು, ಕಬ್ಬಿಣ, ಖಾಲಿ ಬಾಟಲಿ ಕೊಳ್ಳುವ ಗುಜರಿ ವ್ಯಾಪಾರಿ. ಇವರು ವಿಷಯವನ್ನೆಲ್ಲ ವಿವರಿಸಿ, ಎಣ್ಣೆ ಪೂರ್ತಿ ಕೆಟ್ಟಿರಬೇಕು, ಒಳ್ಳೇದು ಒಂದು ತೊಟ್ಟೂ ಸೇರಬಾರದು ಎಂದಾಗ ಬಾಷಾ ಬಲು ಗಂಭೀರವಾಗಿ ಹೇಳಿದರು. ‘ಮೇಡಂ, ನಾನ್ ಹುಟ್ಟಿದಾಗಿಂದ ಜನ ನಂಗೆ ಒಳ್ಳೇದು ಕೊಟ್ಟಿದ್ದು ನೋಡೇ ಇಲ್ಲ. ಆ ಭಯ ಬುಡಿ.’ ಕುಣಿಗಲ್ಲಿನ ಕಲ್ಯಾಣ ಮಂಟಪಗಳು, ಹೈವೇ ಬದಿಯ ಹೋಟೆಲುಗಳು, ಚಿಪ್ಸ್ ಕರಿಯುವ ಅಂಗಡಿಗಳು, ಎಲ್ಲ ಕಡೆಯಿಂದ ಕಪ್ಪಗೆ ಕಮಟುವ ಎಣ್ಣೆ ಬರತೊಡಗಿತು. ಬಾಷಾ ಹಾಕಿದ ಷರತ್ತು ಒಂದೇ. ‘ನೀವ್ ಮಾತ್ರ ಬಾಗ್ಲಿಗೆ ಬರ್ಬೇಡಿ ಮೇಡಂ. ಆ ಇಬತ್ತಿ ನೋಡಿದ್ರೆ ಜನ ತಪ್ಪಲೆ ತೊಳೆದು ಹೊಸಾದು ಸುರಿದುಬುಡ್ತಾರೆ.’ ಇವರಿಗೆ ಅದು ದೊಡ್ಡ ಶಿಕ್ಷೆ. ಬಾಷಾ ಒಳಗೆ ಹೋದಾಗ ಇವರು ಕೆರೆ ಏರಿಯ ಮೇಲೆ ಹಿಂದಕ್ಕೂ ಮುಂದಕ್ಕೂ ನಡೆಯುತ್ತ, ನನ್ನ ಕಡೆ ಕೈಬೀಸಿ, ‘ಬಂದ್ರಾ? ಬಂದ್ರಾ?’ ಎಂದು ಕೇಳುತ್ತಿದ್ದರು.

ಕಂಪನಿಯಲ್ಲಿ ಅಷ್ಟು ಹೊತ್ತಿಗೆ ಹೊಸಬರು ಬಂದಿದ್ದರು. ಮತ್ತೆ ಮಾದರಿ, ಮತ್ತೆ ಪರೀಕ್ಷೆ, ಮತ್ತೆ ಕಾಯುವುದು. ಅದರ ನಡುವೆ ಇವರಿಗೆ ಹೊಟ್ಟೆಯೊಳಗಿನ ಕಾಯಿಲೆ ಕಾಣಿಸಿಕೊಂಡಿತು. ಡಾಕ್ಟರು ವಿಶ್ರಾಂತಿ ಎಂದರು. ನನಗೆ ಡಾಕ್ಟರ ಮೇಲೆ ಮರುಕ ಹುಟ್ಟಿತು.

ಕುಣಿಗಲ್ಲಿನ ಮೊದಲ ಲೋಡನ್ನು ಕಂಪನಿ ತೆಗೆದುಕೊಂಡ ದಿನ ಮರಳೂರಿಗೆ ಓಡಿದೆ. ಮಲಗಿದ್ದರು. ಹೊದಿಕೆಯ ಕೆಳಗೆ ಪಾದಗಳು ಮಾತ್ರ ನಡೆಯುತ್ತಲೇ ಇದ್ದವು. ಅವರ ತಮ್ಮ ಕುರ್ಚಿ ಹಾಕಿಕೊಟ್ಟರು.

‘ತಗಂಡ್ರು ಮೇಡಂ’ ಎಂದೆ.

‘ಎಲ್ಲಾನೂ?’

‘ಇಲ್ಲ, ಕೆಲವು ಡಬ್ಬ ವಾಪಸ್ ಕಳಿಸಿದ್ರು. ನೀರು ಸೇರಿತ್ತಂತೆ.’

ಅವರು ಕಣ್ಣು ಮುಚ್ಚಿದರು. ಬೇಜಾರಾಯಿತೇನೋ ಅಂದುಕೊಂಡೆ. ನಗುತ್ತಿದ್ದರು. ‘ಸದ್ಯ. ಮುಚ್ಚಳ ತೆಗೆದು ನೋಡವ್ರೆ ಅಂತಾಯ್ತು.’

ನಮ್ಮ ಎಣ್ಣೆ ಯಾವ ವಿಮಾನಕ್ಕೆ ಹೋಗುತ್ತದೆ ಎಂದು ಕೇಳಿದೆ. ಟ್ಯಾಂಕಿನಲ್ಲಿ ಎಲ್ಲದರ ಜೊತೆ ಕಲೆತುಹೋಗುತ್ತದೆ, ಇಂಥದ್ದೇ ಅಂತ ಹೇಳಲಾಗದು ಎಂದರು. ಆಮೇಲೆ ಗೋಡೆ ನೋಡಿಕೊಂಡು ಕೇಳಿದರು.

‘ನಿಟ್ಟೂರಿಂದ ಏನಾದ್ರೂ ಬಂತಾ?’

‘ಇಲ್ಲ ಮೇಡಂ. ನಾನು ಹೋಗಿ ಕೇಳ್ಲಾ?’

‘ಬ್ಯಾಡ.’ ಎದ್ದು ಕೂರಲು ಹೋಗಿ ಆಗದೆ ನನ್ನ ಕೈ ಹಿಡಿದರು. ಬಿಗಿಯಾಗಿ ಹಿಡಿದರು. ‘ಕೇಳ್ಬೇಡಿ. ಕೇಳಿದ್ರೆ ಮತ್ತೆ ಹಪ್ಪಳ ಕರೀತಾರೆ.’

ಅದೇ ನಾನು ಅವರಿಂದ ಕೇಳಿದ ಕೊನೆಯ ಮಾತು. ಮೆಟ್ಟಿಲಿಳಿದು ಬಂದು ವ್ಯಾನಿನಲ್ಲಿ ಕೂತು ಅತ್ತೆ. ಸಾಯುವ ಹೆಂಗಸು ಕೇಳಿದ್ದು ಒಂದು ಡಬ್ಬ ಕೆಟ್ಟ ಎಣ್ಣೆ, ಅದನ್ನು ತಂದುಕೊಡಲು ನನ್ನಿಂದ ಆಗುವಂತಿಲ್ಲ. ನಾನು ಕೇಳಿ ತಂದರೆ ಅದು ಒಳ್ಳೆಯ ಎಣ್ಣೆಯೇ ಆಗಿರುತ್ತಿತ್ತು.

ಹನ್ನೊಂದನೆಯ ದಿನದ ಕಾರ್ಯ ನಿಟ್ಟೂರಿನಲ್ಲೇ ಆಯಿತು. ಊರೆಲ್ಲ ಊಟಕ್ಕೆ ಬಂದಿತ್ತು. ಅಯ್ಯನೋರ ಮನೆಯ ಕಾರ್ಯಕ್ಕೆ ಬರುವುದಿಲ್ಲ ಎಂದು ಮುನಿಸಿಕೊಳ್ಳುವ ಊರಲ್ಲ ಅದು. ಬಾಷಾ ಕುಣಿಗಲ್ಲಿನಿಂದ ಬಂದು ಕೊನೆಯ ಸಾಲಿನಲ್ಲಿ ಕೂತು ಪಾಯಸ ಹಾಕಿಸಿಕೊಂಡರು. ನನಗೆ ಎಲೆಯ ಮುಂದೆ ಕೂರಲು ಮನಸ್ಸಾಗಲಿಲ್ಲ. ಅಡುಗೆಯವರು ಒಲೆ ಹೂಡಿದ್ದ ಹಿತ್ತಲಲ್ಲಿ ಸುತ್ತುತ್ತಿದ್ದೆ.

ಸಿದ್ದಲಿಂಗಮ್ಮ ಹಿತ್ತಲ ದಾರಿಯಿಂದ ಬಂದರು. ಸೆರಗಿನೊಳಗೆ ಏನನ್ನೋ ಅವುಚಿಕೊಂಡಿದ್ದರು. ಹತ್ತಿರ ಬಂದು, ನನ್ನ ಮುಖ ನೋಡದೆ, ಒಂದು ಸಣ್ಣ ಡಬ್ಬವನ್ನು ಮುಂದೆ ಚಾಚಿದರು.

‘ತಗಳಪ್ಪ.’

‘ಏನಜ್ಜಿ ಇದು?’

‘ಅವ್ಳಿಗೆ ಉಸಾರಿಲ್ಲ ಅಂತ ಗೊತ್ತಾದಾಗಿಂದ ಒಗ್ಗರಣೆಗೆ ಹಾಕ್ದಂಗೆ ಎತ್ತಿಕ್ಕಿದ್ದೆ. ಹಬ್ಬದ್ದು, ಹುಣ್ಣಿಮೇದು, ಮೊಮ್ಮಗಳಿಗೆ ನಿಪ್ಪಟ್ಟು ಕರಿದಿದ್ದು. ನಾರ್ತದೆ, ಚೆಲ್ಲು ಅಂತ ಸೊಸೆ ದಿನಾ ಬೈತಾಳೆ. ಚೆಲ್ಲಲಿಲ್ಲ. ತುಂಬ್ಲಿ, ನಾನೇ ತಗಂಡೋಗಿ ಕೊಡಾನ ಅಂತಿದ್ದೆ. ತುಂಬ್ಲೇ ಇಲ್ಲ.’

ಡಬ್ಬ ಅರ್ಧಕ್ಕಿಂತ ಕಡಿಮೆ ಇತ್ತು.

‘ಹೊಸದು ಒಂದ್ ತೊಟ್ಟೂ ಹಾಕಿಲ್ಲ’ ಎಂದರು ಅಜ್ಜಿ. ಈಗ ನೇರವಾಗಿ ನನ್ನನ್ನು ನೋಡುತ್ತಿದ್ದರು. ‘ಬೇಕಾರೆ ಮೂಸಿ ನೋಡು.’

ಮುಚ್ಚಳ ತೆಗೆದೆ. ಕಮಟು ವಾಸನೆ ಮೂಗಿಗೆ ಬಡಿದು ಕಣ್ಣಲ್ಲಿ ನೀರು ಬಂತು. ತಳದಲ್ಲಿ ಸುಟ್ಟ ಹಿಟ್ಟು ಕರ್ರಗೆ ಕೂತಿತ್ತು.

‘ಇದು ಆಯ್ತದಾ?’

‘ಆಯ್ತದೆ ಅಜ್ಜಿ. ಪೂರ್ತಿ ಕೆಟ್ಟೋಗಿದೆ.’

ಅಜ್ಜಿ ತಲೆಯಾಡಿಸಿದರು. ಸೆರಗನ್ನು ಬಾಯಿಗೆ ಒತ್ತಿ ಹಿಡಿದು, ಆಮೇಲೆ ಬಿಟ್ಟು, ನನ್ನ ತೋಳನ್ನು ತಳ್ಳಿದರು.

‘ಹಂಗಾರೆ ನಿಂತ್ಕಬ್ಯಾಡ, ಹೊರಡು. ಅವ್ಳು ಕಾಯೋಳಲ್ಲ.’

ಊಟ ಮಾಡದೆ ವ್ಯಾನು ತೆಗೆದೆ.